ಮಂಗಳನ ಕಾಲುವೆ, ತಾರಸಿಯ ಟೆಲಿಸ್ಕೋಪು

ಹೊಸದಾಗಿ ಟೆಲಿಸ್ಕೋಪ್ ಕೊಂಡವರು ಮೊದಲ ವಾರ ಚಂದ್ರನನ್ನು ನೋಡಿ ಹಿಗ್ಗುತ್ತಾರೆ. ಎರಡನೇ ವಾರ ಅದನ್ನು ಗುರುಗ್ರಹದ ಕಡೆ ತಿರುಗಿಸುತ್ತಾರೆ. ಕೆನೆಬಣ್ಣದ ಪುಟ್ಟ ಬಿಲ್ಲೆ, ಅದರ ಮೇಲೆ ಎರಡು ಕಂದು ಪಟ್ಟೆ, ಅಕ್ಕಪಕ್ಕದಲ್ಲಿ ಸಾಲಾಗಿ ನಿಂತ ನಾಲ್ಕು ಚುಕ್ಕೆ. ಗೆಲಿಲಿಯೊ 1610ರ ಜನವರಿಯಲ್ಲಿ ಕಂಡ ಉಪಗ್ರಹಗಳೇ ಅವು. ಮನೆಮಂದಿಯನ್ನೆಲ್ಲ ತಾರಸಿಗೆ ಕರೆದು ತೋರಿಸಿದ್ದಾಯಿತು. ಮೂರನೇ ವಾರಕ್ಕೆ ಫೋಟೊ ತೆಗೆಯುವ ಆಸೆ ಹುಟ್ಟುತ್ತದೆ. ಐಪೀಸಿಗೆ ಮೊಬೈಲ್ ಹಿಡಿದು ಒತ್ತಿದರೆ ಬರುವುದು ಒಂದು ಬಿಳಿ ಉಂಡೆ. ಬೆಳಕು ತಗ್ಗಿಸಿ ಮತ್ತೆ ತೆಗೆದರೆ ಪಟ್ಟೆಗಳೇನೋ ಮಸುಕಾಗಿ ಮೂಡುತ್ತವೆ. ಆದರೆ ಒಂದು ಚಿತ್ರದಲ್ಲಿ ಗುರು ಮೊಟ್ಟೆಯಂತಿದ್ದರೆ ಇನ್ನೊಂದರಲ್ಲಿ ಅಂಚು ಸವೆದ ನಾಣ್ಯದಂತಿರುತ್ತದೆ. ಕಣ್ಣಿಗೆ ಅಷ್ಟು ಚೆನ್ನಾಗಿ ಕಂಡದ್ದು ಕ್ಯಾಮೆರಾದಲ್ಲಿ ಏಕೆ ಬರಲಿಲ್ಲ?

ಈ ಪೇಚಾಟ ಹೊಸಬರದು ಮಾತ್ರ ಎಂದು ತಿಳಿಯಬೇಕಾಗಿಲ್ಲ. ಒಂದು ಶತಮಾನಕ್ಕೂ ಹೆಚ್ಚು ಕಾಲ ಜಗತ್ತಿನ ದೊಡ್ಡ ದೊಡ್ಡ ವೀಕ್ಷಣಾಲಯಗಳು ಇದೇ ಪ್ರಶ್ನೆಯ ಮುಂದೆ ಕೈಕಟ್ಟಿ ನಿಂತಿದ್ದವು. ಉತ್ತರ ಸಿಗದೇ ಹೋದದ್ದರ ಪರಿಣಾಮವೂ ಸಣ್ಣದಲ್ಲ. ಮಂಗಳ ಗ್ರಹದಲ್ಲಿ ಬುದ್ಧಿವಂತ ಜೀವಿಗಳು ನೀರಾವರಿ ಕಾಲುವೆ ತೋಡಿದ್ದಾರೆ ಎಂದು ಓದುಬರಹ ಬಲ್ಲ ಲಕ್ಷಾಂತರ ಜನ ನಂಬಿದ್ದು, ಅದಕ್ಕೆ ಛಾಯಾಚಿತ್ರದ ಸಾಕ್ಷಿಯೂ ಇದೆ ಎಂದು ವಾದಿಸಿದ್ದು ಇದೇ ಕಾರಣಕ್ಕೆ. ಕೊನೆಗೆ ಉತ್ತರ ಹೊಳೆದದ್ದು ಕಂಪ್ಯೂಟರಿನ ನೆತ್ತಿಯ ಮೇಲೆ ಕೂರಿಸುವ ಅಗ್ಗದ ಕ್ಯಾಮೆರಾ ಒಂದರಿಂದ!

ಇನ್ನೂರು ಮೀಟರ್ ಆಚೆಯ ನಾಣ್ಯ

ಮೊದಲಿಗೆ ಗ್ರಹ ಎಷ್ಟು ಚಿಕ್ಕದಾಗಿ ಕಾಣುತ್ತದೆ ಎಂಬುದನ್ನು ನೋಡಬೇಕು. ಒಂದು ಅಂಶದ 60ನೇ ಒಂದು ಭಾಗ ಕಲೆ, ಕಲೆಯ 60ನೇ ಒಂದು ಭಾಗ ವಿಕಲೆ. ಪಂಚಾಂಗ ತಿರುವಿದವರಿಗೆ ಈ ಲೆಕ್ಕ ಗೊತ್ತು. ಹುಣ್ಣಿಮೆಯ ಚಂದ್ರನ ಅಗಲ ಸುಮಾರು 1,800 ವಿಕಲೆ. ಗುರು ಹತ್ತಿರ ಬಂದಾಗ 45ರಿಂದ 50 ವಿಕಲೆ. ಮಂಗಳವಂತೂ ತೀರಾ ಸಮೀಪಿಸಿದಾಗಲೂ 25 ವಿಕಲೆಯ ಆಸುಪಾಸು ಅಷ್ಟೆ. ಅಂದರೆ 25 ಮಿಲಿಮೀಟರ್ ಅಗಲದ ನಾಣ್ಯವೊಂದನ್ನು ಇನ್ನೂರು ಮೀಟರಿಗೂ ತುಸು ಆಚೆ ಹಿಡಿದು, ಅದರ ಮೇಲಿನ ಅಕ್ಷರ ಓದಿ ಎಂದಂತೆ.

ನಾಣ್ಯ ಓದುವಷ್ಟು ಶಕ್ತಿ ಟೆಲಿಸ್ಕೋಪಿಗೆ ಇದೆ. ಆರು ಇಂಚಿನ ಸಾಧಾರಣ ಕನ್ನಡಿ ಮುಕ್ಕಾಲು ವಿಕಲೆಯಷ್ಟು ಹತ್ತಿರವಿರುವ ಎರಡು ಚುಕ್ಕೆಗಳನ್ನು ಬೇರೆಬೇರೆಯಾಗಿ ತೋರಿಸಬಲ್ಲದು. ತೊಡಕಿರುವುದು ನಡುವಿನ ಗಾಳಿಯಲ್ಲಿ. ಬೇಸಿಗೆಯ ಮಧ್ಯಾಹ್ನ ಟಾರು ರಸ್ತೆಯ ಮೇಲೆ ಎದುರಿನ ಬಸ್ಸು ಕುಲುಕಾಡುತ್ತ ಬಂದಂತೆ ಕಾಣುವುದಿಲ್ಲವೆ? ಬಿಸಿಗಾಳಿ ತಂಗಾಳಿಗಳು ಬೆರೆಯುವ ಕಡೆಯಲ್ಲೆಲ್ಲ ಬೆಳಕು ಅತ್ತಿತ್ತ ಬಾಗುತ್ತದೆ. ಆಕಾಶದಿಂದ ಬರುವ ಬೆಳಕು ಇಂಥ ಹತ್ತಾರು ಪದರಗಳನ್ನು ಹಾದು ಬರಬೇಕು. ಹಾಗಾಗಿ ಟೆಲಿಸ್ಕೋಪಿನಲ್ಲಿ ಗ್ರಹ ಸದಾ ನಡುಗುತ್ತಿರುತ್ತದೆ, ಹರಿಯುವ ಹೊಳೆಯ ತಳದಲ್ಲಿ ಬಿದ್ದ ಕಲ್ಲಿನಂತೆ. ಆದರೆ ಹೊಳೆಯ ನೀರು ಒಮ್ಮೊಮ್ಮೆ ಅರೆಗಳಿಗೆ ನಿಂತಂತಾಗಿ ಕಲ್ಲು ಸ್ಪಷ್ಟವಾಗಿ ಕಾಣುವುದುಂಟು. ಗಾಳಿಯೂ ಹಾಗೆಯೇ. ಸೆಕೆಂಡಿನ ಯಾವುದೋ ಒಂದು ತುಣುಕಿನಲ್ಲಿ ಅದು ನೆಲೆಗೊಳ್ಳುತ್ತದೆ. ಆಗ ಗುರುವಿನ ಪಟ್ಟೆಯ ಅಂಚಿನ ಸುರುಳಿಗಳು, ಶನಿಯ ಬಳೆಗಳ ನಡುವಿನ ಕಪ್ಪು ಬಿರುಕು ಥಟ್ಟನೆ ಗೋಚರಿಸಿ ಮಾಯವಾಗುತ್ತವೆ.

ಕಣ್ಣಿಗೆ ಈ ಕ್ಷಣಕ್ಕಾಗಿ ಕಾಯುವ ತಾಳ್ಮೆ ಇದೆ. ಕೆಟ್ಟ ಕ್ಷಣಗಳನ್ನು ಮರೆತು ಒಳ್ಳೆಯದನ್ನಷ್ಟೇ ನೆನಪಿಟ್ಟುಕೊಳ್ಳುವ ಗುಣವೂ ಮಿದುಳಿಗಿದೆ. ಹಿಂದಿನ ಕಾಲದ ಫೋಟೊ ಪ್ಲೇಟಿಗೆ ಇವೆರಡೂ ಇರಲಿಲ್ಲ. ಅದು ಬಾಗಿಲು ತೆರೆದಷ್ಟು ಹೊತ್ತೂ ಬಂದದ್ದನ್ನೆಲ್ಲ, ಒಳ್ಳೆಯದು ಕೆಟ್ಟದ್ದು ಎನ್ನದೆ ಒಂದರ ಮೇಲೊಂದು ಬರೆದುಕೊಳ್ಳುತ್ತಿತ್ತು.

ಚಂದ್ರ ಒಲಿದ, ಗ್ರಹ ಒಲಿಯಲಿಲ್ಲ

ಫ್ರಾನ್ಸಿನ ಡಾಗೆರ್ ತನ್ನ ಛಾಯಾಗ್ರಹಣ ವಿಧಾನವನ್ನು ಪ್ರಕಟಿಸಿದ್ದು 1839ರಲ್ಲಿ. ಮರುವರ್ಷವೇ ನ್ಯೂಯಾರ್ಕಿನಲ್ಲಿ ಜಾನ್ ವಿಲಿಯಂ ಡ್ರೇಪರ್ ಚಂದ್ರನ ಚಿತ್ರ ತೆಗೆದ. 1850ರ ಜುಲೈನಲ್ಲಿ ಹಾರ್ವರ್ಡ್ ವೀಕ್ಷಣಾಲಯದಲ್ಲಿ ಅಭಿಜಿತ್ ನಕ್ಷತ್ರ ಪ್ಲೇಟಿನ ಮೇಲೆ ಮೂಡಿತು. ಸೂರ್ಯನಿಲ್ಲದೆ ಬೇರೊಂದು ನಕ್ಷತ್ರದ ಚಿತ್ರ ಬಂದದ್ದು ಅದೇ ಮೊದಲು. ಮುಂದೆ ಮಸುಕಾದ ನೀಹಾರಿಕೆಗಳೂ ಸಿಕ್ಕವು. ಗಂಟೆಗಟ್ಟಲೆ ಬೆಳಕಿಗೊಡ್ಡಿದರೆ ಕಣ್ಣಿಗೆ ಕಾಣದ್ದೂ ಪ್ಲೇಟಿಗೆ ಕಾಣುತ್ತದೆ ಎಂದು ತಿಳಿದು ಖಗೋಳ ವಿಜ್ಞಾನಿಗಳು ಪೆನ್ಸಿಲ್ ಕೆಳಗಿಟ್ಟರು.

ಗ್ರಹಗಳ ವಿಷಯದಲ್ಲಿ ಮಾತ್ರ ಪೆನ್ಸಿಲ್ಲೇ ಗತಿಯಾಯಿತು. ಪ್ಯಾರಿಸ್ಸಿನಲ್ಲಿ ಹೆನ್ರಿ ಸೋದರರು 1880ರ ದಶಕದಲ್ಲಿ ಗುರು ಮತ್ತು ಶನಿಯ ಒಳ್ಳೆಯ ಚಿತ್ರಗಳನ್ನು ತೆಗೆದರು ನಿಜ. ಆದರೆ ಪಳಗಿದ ವೀಕ್ಷಕನೊಬ್ಬ ಅದೇ ಟೆಲಿಸ್ಕೋಪಿಗೆ ಕಣ್ಣಿಟ್ಟು ಕಾಗದದ ಮೇಲೆ ಬರೆದುಕೊಳ್ಳುತ್ತಿದ್ದ ವಿವರದಲ್ಲಿ ಕಾಲು ಭಾಗವೂ ಪ್ಲೇಟಿನಲ್ಲಿರಲಿಲ್ಲ ಎನ್ನಬೇಕು. ಚಿತ್ರ ದೊಡ್ಡದು ಮಾಡಿದಷ್ಟೂ ಬೆಳಕು ಹರಡಿ ಮಂಕಾಗುತ್ತದೆ. ಮಂಕಾದಷ್ಟೂ ಹೆಚ್ಚು ಸೆಕೆಂಡು ತೆರೆದಿಡಬೇಕು. ತೆರೆದಿಟ್ಟಷ್ಟೂ ಗಾಳಿಯ ನಡುಕ ಸೇರಿಕೊಳ್ಳುತ್ತದೆ. ಈ ವಿಷವರ್ತುಲದಿಂದ ಹೊರಬರುವ ದಾರಿ ಆ ಕಾಲದ ರಸಾಯನಶಾಸ್ತ್ರಕ್ಕೆ ತಿಳಿದಿರಲಿಲ್ಲ.

ಹೀಗಾಗಿ ಗ್ರಹದಲ್ಲಿ ಏನಿದೆ ಎಂಬುದಕ್ಕೆ ನೋಡಿದವನ ಮಾತೇ ಪ್ರಮಾಣ. ನೋಡಿದವನಿಗೆ ಭ್ರಮೆಯಾದರೆ?

ಕಾಲುವೆಗಳ ಕಥೆ

1877ರಲ್ಲಿ ಮಂಗಳ ಭೂಮಿಗೆ ಹತ್ತಿರ ಬಂದಿತ್ತು. ಇಟಲಿಯ ಮಿಲಾನ್ ನಗರದಲ್ಲಿ ಜೊವಾನಿ ಸ್ಕಿಯಾಪರೆಲ್ಲಿ ಸುಮಾರು 22 ಸೆಂಟಿಮೀಟರ್ ಮಸೂರದ ಟೆಲಿಸ್ಕೋಪಿನಲ್ಲಿ ಅದನ್ನು ನೋಡಿ ನಕ್ಷೆ ಬರೆದ. ಕೆಂಪು ನೆಲದ ಮೇಲೆ ಅಲ್ಲಲ್ಲಿ ಸಣ್ಣ ಗೆರೆಗಳು ಕಂಡವು. ಅವನ್ನು ಆತ ತನ್ನ ಭಾಷೆಯಲ್ಲಿ 'ಕನಾಲಿ' ಎಂದು ಕರೆದ. ಆ ಮಾತಿಗೆ ಕಾಲುವೆ ಎಂಬ ಅರ್ಥದಂತೆಯೇ ತನ್ನಷ್ಟಕ್ಕೆ ಆದ ತೊರೆ, ಕಂದಕ ಎಂಬ ಅರ್ಥವೂ ಇದೆ. ಇಂಗ್ಲಿಷಿಗೆ ಹೋದಾಗ ಮಾತ್ರ ಅದು 'ಕೆನಾಲ್' ಆಯಿತು. ಕೆನಾಲ್ ಎಂದ ಮೇಲೆ ತೋಡಿದವರೂ ಇರಬೇಕಲ್ಲ! ಸೂಯೆಜ್ ಕಾಲುವೆ ತೆರೆದು ಆಗಿನ್ನೂ ಎಂಟೇ ವರ್ಷವಾಗಿತ್ತು. ದೊಡ್ಡ ಕಾಲುವೆಯೆಂದರೆ ನಾಗರಿಕತೆಯ ಗುರುತು ಎಂದು ಜನ ತಿಳಿದಿದ್ದ ಕಾಲ ಅದು.

ಈ ಊಹೆಗೆ ರೆಕ್ಕೆಪುಕ್ಕ ಕಟ್ಟಿದವನು ಅಮೆರಿಕದ ಬಾಸ್ಟನ್ನಿನ ಸಿರಿವಂತ ಪರ್ಸಿವಲ್ ಲೋವೆಲ್. ಬರೀ ಕನಸುಗಾರನೆಂದು ಅವನನ್ನು ತಳ್ಳಿಹಾಕುವುದು ನ್ಯಾಯವಲ್ಲ. ಟೆಲಿಸ್ಕೋಪನ್ನು ಊರ ನಡುವೆ ಕೂರಿಸದೆ ಗಾಳಿ ನೆಲೆನಿಂತ ಎತ್ತರದ ಜಾಗ ಹುಡುಕಬೇಕು ಎಂದು ಗಟ್ಟಿಯಾಗಿ ಹೇಳಿ, ಹಾಗೆಯೇ ನಡೆದುಕೊಂಡವರಲ್ಲಿ ಅವನೂ ಒಬ್ಬ. 1894ರಲ್ಲಿ ಅರಿಜೋನಾದ ಫ್ಲಾಗ್‌ಸ್ಟಾಫ್‌ನಲ್ಲಿ ಸ್ವಂತ ಹಣದಿಂದ ವೀಕ್ಷಣಾಲಯ ಕಟ್ಟಿದ. ಎರಡು ವರ್ಷದ ನಂತರ ಅಲ್ಲಿಗೆ 24 ಇಂಚಿನ ಮಸೂರ ಬಂತು. ರಾತ್ರಿಯಿಡೀ ನೋಡಿ ನೂರಾರು ನೇರ ಗೆರೆಗಳ ಜಾಲವನ್ನು ಬರೆದ. ಮಂಗಳ ಒಣಗುತ್ತಿದೆ, ಅಲ್ಲಿನವರು ಧ್ರುವಗಳ ಹಿಮ ಕರಗಿದ ನೀರನ್ನು ಈ ಕಾಲುವೆಗಳಲ್ಲಿ ಹರಿಸಿ ಬದುಕುತ್ತಿದ್ದಾರೆ ಎಂಬುದು ಅವನ ವಾದ. ಪುಸ್ತಕಗಳು ಬಂದವು, ಉಪನ್ಯಾಸಗಳಿಗೆ ಜನ ತುಂಬಿದರು.

ಕಾಲುವೆ ಕಾಣದವರೂ ಇದ್ದರು. ಗ್ರೀನಿಚ್ ವೀಕ್ಷಣಾಲಯದ ಎಡ್ವರ್ಡ್ ಮಾಂಡರ್ ಅವರಲ್ಲಿ ಒಬ್ಬ. 1903ರಲ್ಲಿ ಆತ ನಡೆಸಿದ ಪ್ರಯೋಗ ಸರಳವಾದದ್ದು, ಆದರೆ ಬಹಳ ಜಾಣತನದ್ದು. ಗ್ರೀನಿಚ್ಚಿನದೇ ಶಾಲೆಯೊಂದರ ಹುಡುಗರನ್ನು ಸಾಲಾಗಿ ಕೂರಿಸಿ, ಎದುರಿಗೆ ಮಂಗಳದಂಥ ಒಂದು ದುಂಡು ಚಿತ್ರ ನಿಲ್ಲಿಸಿ, ಕಂಡದ್ದನ್ನು ಬರೆಯಿರಿ ಎಂದರು. ಚಿತ್ರದಲ್ಲಿ ಕಾಲುವೆ ಇರಲಿಲ್ಲ. ಅಡ್ಡಾದಿಡ್ಡಿ ಚುಕ್ಕೆಗಳು, ಸೊಟ್ಟ ಗುರುತುಗಳು, ಮಸಿ ಹಚ್ಚಿದ ಪ್ರದೇಶಗಳಷ್ಟೆ ಇದ್ದವು. ಹತ್ತಿರ ಕುಳಿತವರು ಚುಕ್ಕೆಯನ್ನು ಚುಕ್ಕೆಯಾಗಿಯೇ ಬರೆದರು. ದೂರ ಕುಳಿತ ಎಷ್ಟೋ ಹುಡುಗರ ಹಾಳೆಯಲ್ಲಿ ಸ್ಕಿಯಾಪರೆಲ್ಲಿಯ ನಕ್ಷೆಯಂಥ ನೇರ ಗೆರೆಗಳು ಮೂಡಿದ್ದವು! ಬಿಡಿಬಿಡಿಯಾಗಿ ಕಾಣಲಾರದಷ್ಟು ಸಣ್ಣ ಚುಕ್ಕೆಗಳನ್ನು ಕಣ್ಣು ತಾನಾಗಿಯೇ ಗೆರೆ ಎಳೆದು ಸೇರಿಸುತ್ತದೆ ಎಂಬುದು ಮಾಂಡರ್ ತೀರ್ಮಾನ. ಹುಡುಗರ ಆಟವನ್ನು ಮುಂದಿಟ್ಟುಕೊಂಡು ಪಳಗಿದ ಕಣ್ಣನ್ನು ಅಳೆಯಬಾರದು ಎಂದು ಲೋವೆಲ್ ಬಣದವರು ಅದನ್ನು ತಳ್ಳಿಹಾಕಿದರು.

ಜಗಳ ತೀರಬೇಕಾದರೆ ಪಕ್ಷಪಾತವಿಲ್ಲದ ಸಾಕ್ಷಿ ಬೇಕಿತ್ತು. ಕ್ಯಾಮೆರಾಕ್ಕಿಂತ ನಿಷ್ಪಕ್ಷಪಾತಿ ಯಾರು? ಲೋವೆಲ್ ತನ್ನ ಸಹಾಯಕ ಕಾರ್ಲ್ ಲ್ಯಾಂಪ್ಲೆಂಡ್‌ಗೆ ಆ ಕೆಲಸ ವಹಿಸಿದ. ಲ್ಯಾಂಪ್ಲೆಂಡ್ ಒಂದೇ ಗಾಜಿನ ಪ್ಲೇಟನ್ನು ಸರಿಸುತ್ತ ಸರಿಸುತ್ತ ಅದರ ಮೇಲೆ ಮಂಗಳನ ಹತ್ತಾರು ಚಿತ್ರ ತೆಗೆಯುವ ಉಪಾಯ ಮಾಡಿದ. ಹತ್ತರಲ್ಲಿ ಒಂದಾದರೂ ಗಾಳಿ ನಿಂತ ಹೊತ್ತಿನಲ್ಲಿ ಬರಲಿ ಎಂಬ ಆಸೆ. ಈ ಉಪಾಯವನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಒಂದು ಶತಮಾನದ ನಂತರ ಅದು ಬೇರೆ ವೇಷದಲ್ಲಿ ಮರಳಿ ಬರುತ್ತದೆ. 1905ರಲ್ಲಿ ತೆಗೆದ ಚಿತ್ರಗಳಲ್ಲಿ ಕಾಲುವೆ ಮೂಡಿದೆ ಎಂದು ಲೋವೆಲ್ ಸಾರಿದ. ಬ್ರಿಟನ್ನಿನ ರಾಯಲ್ ಫೋಟೊಗ್ರಾಫಿಕ್ ಸೊಸೈಟಿ ಲ್ಯಾಂಪ್ಲೆಂಡ್‌ಗೆ ಪದಕ ಕೊಟ್ಟಿತು.

1907ರಲ್ಲಿ ಮಂಗಳ ಮತ್ತೆ ಹತ್ತಿರ ಬಂತು. ಆದರೆ ಆ ಬಾರಿ ದಕ್ಷಿಣಕ್ಕೆ ಎಷ್ಟು ವಾಲಿತ್ತೆಂದರೆ ಫ್ಲಾಗ್‌ಸ್ಟಾಫ್‌ನಿಂದ ನೋಡಿದರೆ ದಿಗಂತದಿಂದ ಬಹಳ ಮೇಲೇರುತ್ತಿರಲಿಲ್ಲ. ದಿಗಂತದ ಬಳಿ ಇರುವ ಗ್ರಹವನ್ನು ನೋಡುವುದೆಂದರೆ ಹೆಚ್ಚು ದಪ್ಪದ ಗಾಳಿಯ ಮೂಲಕ ನೋಡುವುದು. ಹಾಗಾಗಿ ಲೋವೆಲ್ ಹಣದಲ್ಲಿ ಆಮ್‌ಹರ್ಸ್ಟ್ ಕಾಲೇಜಿನ ಡೇವಿಡ್ ಟಾಡ್ 18 ಇಂಚಿನ ಟೆಲಿಸ್ಕೋಪನ್ನು ಬಿಚ್ಚಿ ಹಡಗಿಗೇರಿಸಿ ದಕ್ಷಿಣ ಅಮೆರಿಕಕ್ಕೆ ಒಯ್ದ. ಚಿಲಿಯ ಮರುಭೂಮಿಯಲ್ಲಿ ಅಲಿಯಾಂಜಾ ಎಂಬಲ್ಲಿ ಅದನ್ನು ಮತ್ತೆ ಜೋಡಿಸಿದರು. ಅಲ್ಲಿ ಮಂಗಳ ನೆತ್ತಿಯ ಸಮೀಪ. ಜೊತೆಗಿದ್ದ 24ರ ತರುಣ ಅರ್ಲ್ ಸ್ಲೈಫರ್ ಚಿತ್ರ ತೆಗೆಯುವ ಕೆಲಸಕ್ಕೆ ನಿಂತ. ಒಟ್ಟು ಸುಮಾರು 13,000 ಚಿತ್ರಗಳು ಬಂದವು. ಆ ವರ್ಷ ಅಮೆರಿಕದ ಬ್ಯಾಂಕುಗಳೆಲ್ಲ ತತ್ತರಿಸಿದ್ದರೂ ಮಂಗಳದಲ್ಲಿ ಜೀವವಿದೆ ಎಂದು ಸಿದ್ಧವಾದದ್ದೇ ವರ್ಷದ ದೊಡ್ಡ ಸಂಗತಿ ಎಂದು ವಾಲ್ ಸ್ಟ್ರೀಟ್ ಜರ್ನಲ್ ಬರೆಯಿತು. ಹಣಕಾಸಿನ ಪತ್ರಿಕೆಗಳೂ ಒಮ್ಮೊಮ್ಮೆ ಮುಗಿಲು ನೋಡುತ್ತವೆ.

ಆದರೆ ಆ ಸಾಕ್ಷಿಯ ಗಾತ್ರವೆಷ್ಟು? ಪ್ಲೇಟಿನ ಮೇಲೆ ಒಂದೊಂದು ಮಂಗಳವೂ ಹೆಚ್ಚುಕಡಿಮೆ ಬಟಾಣಿ ಕಾಳಿನಷ್ಟು. ಹಿಗ್ಗಿಸಿದರೆ ಪ್ಲೇಟಿನ ಬೆಳ್ಳಿಯ ಕಣಗಳೇ ಎದ್ದು ಕಾಣುತ್ತಿದ್ದವು. 'ಸೆಂಚುರಿ' ಮಾಸಪತ್ರಿಕೆ ಅವನ್ನು ಅಚ್ಚು ಹಾಕಲು ಹೊರಟಾಗ ಇನ್ನೊಂದು ಪೀಕಲಾಟ. ಅಚ್ಚಿನ ಬ್ಲಾಕು ಮಾಡುವಾಗ ಚಿತ್ರವನ್ನು ಚುಕ್ಕೆಗಳಾಗಿ ಒಡೆಯುತ್ತಾರಷ್ಟೆ. ಆ ಚುಕ್ಕೆಗಳ ನಡುವೆ ಕಾಲುವೆಗಳು ಕರಗಿಹೋಗುತ್ತಿದ್ದವು. ಸ್ವಲ್ಪ ತಿದ್ದಿ ಅಚ್ಚು ಹಾಕೋಣ ಎಂದರು ಪತ್ರಿಕೆಯವರು. ಲೋವೆಲ್ ಸುತರಾಂ ಒಪ್ಪಲಿಲ್ಲ. ಒಂದು ಗೆರೆ ತಿದ್ದಿದರೂ ಇಡೀ ಸಾಕ್ಷಿ ಬಿದ್ದುಹೋಗುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಅವನ ಪ್ರಾಮಾಣಿಕತೆಯನ್ನು ಇಲ್ಲಿ ಮೆಚ್ಚಲೇಬೇಕು. ಫಲಿತಾಂಶ ಮಾತ್ರ ವಿಚಿತ್ರ: ಮೂಲ ಪ್ಲೇಟು ನೋಡಿದವರಲ್ಲಿ ನಂಬಿದವರಿಗೆ ಕಾಲುವೆ ಕಂಡಿತು, ನಂಬದವರಿಗೆ ಕಾಣಲಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಮಾತು ನಮ್ಮಲ್ಲಿದೆ. ಪ್ರಮಾಣವೇ ಬಟಾಣಿಯಷ್ಟು ಇದ್ದರೆ ಏನು ಮಾಡುವುದು?

1909ರ ಸೆಪ್ಟೆಂಬರಿನಲ್ಲಿ ಪ್ಯಾರಿಸ್ ಬಳಿಯ ಮ್ಯೂದಾಂನಲ್ಲಿ ಯುಜೀನ್ ಆಂಟೊನಿಯಾಡಿ 83 ಸೆಂಟಿಮೀಟರಿನ ದೊಡ್ಡ ಮಸೂರದಲ್ಲಿ ಮಂಗಳವನ್ನು ನೋಡಿದ. ಅಂದು ಗಾಳಿ ಅಪರೂಪಕ್ಕೆ ಶಾಂತವಾಗಿತ್ತು. ಹಿಂದೆ ತಾನೇ ಕಾಲುವೆಗಳನ್ನು ಬರೆದಿದ್ದ ಈತನಿಗೆ ಗೆರೆಗಳ ಜಾಗದಲ್ಲಿ ಕಂಡದ್ದು ಒಡೆದು ಚೆಲ್ಲಿದಂಥ ಸಾವಿರಾರು ಕಲೆಗಳು, ಮಚ್ಚೆಗಳು. ಅದೇ ವರ್ಷ ಮೌಂಟ್ ವಿಲ್ಸನ್ನಿನ 60 ಇಂಚಿನ ಕನ್ನಡಿಯಲ್ಲಿ ಜಾರ್ಜ್ ಎಲರಿ ಹೇಲ್ ತೆಗೆದ ಚಿತ್ರಗಳಲ್ಲೂ ಜಾಲವಿರಲಿಲ್ಲ. ವೃತ್ತಿಪರ ವಲಯದಲ್ಲಿ ಚರ್ಚೆ ಅಲ್ಲಿಗೆ ಬಹುಮಟ್ಟಿಗೆ ಮುಗಿಯಿತು. ಆದರೂ ಕಾಲುವೆ ಪೂರಾ ಬತ್ತಲು ಇನ್ನೂ ಅರ್ಧ ಶತಮಾನ ಬೇಕಾಯಿತು. ಚಿಲಿಗೆ ಹೋಗಿದ್ದ ಅದೇ ಸ್ಲೈಫರ್ ಜೀವಮಾನವಿಡೀ ಮಂಗಳನ ಚಿತ್ರ ತೆಗೆದು, ಕಾಲುವೆಗಳನ್ನು ಕೊನೆಯವರೆಗೂ ನಂಬಿ, 1964ರಲ್ಲಿ ತೀರಿಕೊಂಡ. ಅದಾದ ಕೆಲವೇ ತಿಂಗಳಿಗೆ ಹೊರಟ ಮ್ಯಾರಿನರ್ 4 ನೌಕೆ 1965ರ ಜುಲೈನಲ್ಲಿ ಮಂಗಳದ ಪಕ್ಕ ಹಾದು ಇಪ್ಪತ್ತೊಂದು ಚಿಲ್ಲರೆ ಚಿತ್ರಗಳನ್ನು ಕಳಿಸಿತು. ಅವುಗಳಲ್ಲಿ ಇದ್ದದ್ದು ಕುಳಿಗಳು.

ಬೆಳ್ಳಿ ಹೋಗಿ ಸಿಲಿಕಾನ್ ಬಂತು

ಈ ನಡುವಿನ ದಶಕಗಳಲ್ಲಿ ಗ್ರಹಗಳ ಛಾಯಾಗ್ರಹಣ ಕುಂಟುತ್ತಲೇ ಸಾಗಿತ್ತು. ಪಿರನೀಸ್ ಪರ್ವತದ ಪಿಕ್ ದು ಮಿದಿ ವೀಕ್ಷಣಾಲಯದಲ್ಲಿ ಬರ್ನಾರ್ ಲಿಯೊ ಮತ್ತು ಆಂರಿ ಕಾಮಿಶೆಲ್ 1940ರ ದಶಕದಲ್ಲಿ ಒಳ್ಳೆಯ ನೆಗೆಟಿವ್‌ಗಳನ್ನಷ್ಟೇ ಆರಿಸಿ, ಒಂದರ ಮೇಲೊಂದು ಕೂಡಿಸಿ ಪ್ರಿಂಟು ಹಾಕಿ ಕಣಗಳ ಕಿರಿಕಿರಿಯನ್ನು ತಗ್ಗಿಸಿದರು. ಕತ್ತಲೆಕೋಣೆಯಲ್ಲಿ ಕೈಯಿಂದಲೇ ಮಾಡಬೇಕಿದ್ದ ನಾಜೂಕಿನ ಕೆಲಸ. ಹವ್ಯಾಸಿಗಳಿಗೆ ಅಷ್ಟು ವ್ಯವಧಾನ ಎಲ್ಲಿ? ಅವರು 35 ಮಿಲಿಮೀಟರ್ ಕ್ಯಾಮೆರಾ ಸಿಕ್ಕಿಸಿ, ಒಂದು ರೋಲು ಖಾಲಿ ಮಾಡಿ, ತೊಳೆಸಿ ತಂದು, 36ರಲ್ಲಿ ಒಂದು ಪರವಾಗಿಲ್ಲ ಎಂಬಂತಿದ್ದರೆ ಸಂತೋಷಪಡುತ್ತಿದ್ದರು.

ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1969ರಲ್ಲಿ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ರೂಪಿಸಿದ ಸಿಸಿಡಿ ಎಂಬ ಸಿಲಿಕಾನ್ ಬಿಲ್ಲೆ ಈ ಚಿತ್ರವನ್ನೇ ಬದಲಿಸಿತು. 2009ರಲ್ಲಿ ಅವರಿಗೆ ನೊಬೆಲ್ ಬಂತು. ಫಿಲ್ಮಿನ ಮೇಲೆ ಬಿದ್ದ ನೂರು ಬೆಳಕಿನ ಕಣಗಳಲ್ಲಿ ಒಂದೆರಡು ಮಾತ್ರ ಗುರುತು ಬಿಡುತ್ತವೆ. ಸಿಸಿಡಿಯಲ್ಲಿ ಅರ್ಧಕ್ಕೂ ಹೆಚ್ಚು ಲೆಕ್ಕಕ್ಕೆ ಸಿಗುತ್ತವೆ. 1976ರಲ್ಲಿ ಅರಿಜೋನಾದ 61 ಇಂಚಿನ ಟೆಲಿಸ್ಕೋಪಿಗೆ ಅದನ್ನು ಜೋಡಿಸಿ ಮೊದಲಿಗೆ ನೋಡಿದ ಗ್ರಹ ಯುರೇನಸ್. (ಮರುವರ್ಷ ಯುರೇನಸ್ಸಿಗೆ ಬಳೆಗಳಿವೆ ಎಂದು ತಿಳಿದದ್ದು ಯಾವ ಚಿತ್ರದಿಂದಲೂ ಅಲ್ಲ. 1977ರ ಮಾರ್ಚ್ 10ರಂದು ಗ್ರಹದ ಹಿಂದೆ ಸರಿಯುತ್ತಿದ್ದ ನಕ್ಷತ್ರವೊಂದು ಮಿಣುಕಿದ್ದರಿಂದ. ಅಮೆರಿಕದವರು ವಿಮಾನದಿಂದ ಅದನ್ನು ಕಂಡ ದಿನವೇ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಗೆ ಸೇರಿದ ಕಾವಲೂರಿನ ಟೆಲಿಸ್ಕೋಪಿನಲ್ಲೂ ಆ ಮಿಣುಕು ದಾಖಲಾಯಿತು.)

ಕಣ್ಣು ಕ್ಷಣವನ್ನು ಆರಿಸಬಲ್ಲದು, ಆದರೆ ಸಾಕ್ಷಿ ಕೊಡಲಾರದು. ಪ್ಲೇಟು ಸಾಕ್ಷಿ ಕೊಡಬಲ್ಲದು, ಆದರೆ ಕ್ಷಣವನ್ನು ಆರಿಸಲಾರದು. ಲೋವೆಲ್ ಸೋತದ್ದು ಈ ಎರಡರ ನಡುವಿನ ಕಂದಕದಲ್ಲಿ. ಅದನ್ನು ದಾಟಲು ಬೇಕಿದ್ದದ್ದು ಸೆಕೆಂಡಿಗೆ ಹತ್ತಾರು ಚಿತ್ರ ತೆಗೆದು ರಾಶಿ ಹಾಕುವ ಯಂತ್ರ, ಆ ರಾಶಿಯಿಂದ ಕಾಳು ಜೊಳ್ಳು ಬೇರ್ಪಡಿಸುವ ಇನ್ನೊಂದು ಯಂತ್ರ. ಎಷ್ಟು ಚಿತ್ರ ತೆಗೆದರೆ ಒಂದು ನಡುಕವಿಲ್ಲದೆ ಬಂದೀತು ಎಂಬ ಲೆಕ್ಕವನ್ನು ಅಮೆರಿಕದ ಡೇವಿಡ್ ಫ್ರೀಡ್ 1978ರಲ್ಲೇ ಹಾಕಿದ್ದ. ಆ ಲೆಕ್ಕದ ಸ್ವಾರಸ್ಯವೆಂದರೆ ಟೆಲಿಸ್ಕೋಪ್ ದೊಡ್ಡದಾದಷ್ಟೂ ಅದೃಷ್ಟ ಥಟ್ಟನೆ ಕುಸಿಯುತ್ತದೆ. ಅರವತ್ತು ಇಂಚಿನ ಕನ್ನಡಿಯ ಮುಂದೆ ಗಾಳಿಯ ಅಷ್ಟೂ ಅಲೆಗಳು ಒಟ್ಟಿಗೇ ಸುಮ್ಮನಾಗುವುದು ಇಲ್ಲವೆಂದೇ ಹೇಳಬೇಕು. ಆರು ಇಂಚಿನ ಮುಂದೆ ಅದು ನಿತ್ಯದ ಮಾತು. ಚಿಕ್ಕ ಕನ್ನಡಿ ತೋರಿಸುವ ವಿವರಕ್ಕೆ ಮಿತಿಯಿದೆ ನಿಜ, ಆದರೆ ಆ ಮಿತಿಯನ್ನು ಅದು ಮುಟ್ಟಬಲ್ಲದು.

ಡಬ್ಬಿಯ ಕಥೆ

1990ರ ದಶಕದ ನಡುವಿನಿಂದ ಕಂಪ್ಯೂಟರಿನಲ್ಲಿ ಮುಖ ನೋಡಿ ಮಾತಾಡಲೆಂದು ವೆಬ್‌ಕ್ಯಾಮ್ ಎಂಬ ಪುಟ್ಟ ಕ್ಯಾಮೆರಾಗಳು ಮಾರುಕಟ್ಟೆಗೆ ಬಂದವು. ಕೆಲವು ಹವ್ಯಾಸಿಗಳು ಅದರ ಮಸೂರ ಕಿತ್ತು, ಬರೀ ಸಿಲಿಕಾನ್ ಬಿಲ್ಲೆಯನ್ನು ಟೆಲಿಸ್ಕೋಪಿನ ಐಪೀಸ್ ಜಾಗದಲ್ಲಿ ಕೂರಿಸಿದರು. ಕೂರಿಸುವುದಾದರೂ ಹೇಗೆ? 35 ಮಿಲಿಮೀಟರ್ ಫಿಲ್ಮ್ ರೋಲು ಬರುತ್ತಿದ್ದ ಕಪ್ಪು ಪ್ಲಾಸ್ಟಿಕ್ ಡಬ್ಬಿ ಒಂದೂಕಾಲು ಇಂಚಿನ ಐಪೀಸ್ ಕೊಳವೆಗೆ ಅಳತೆ ತೆಗೆದು ಮಾಡಿಸಿದಂತೆ ಹೊಂದುತ್ತಿತ್ತು. ಡಬ್ಬಿಯ ತಳ ಕೊಯ್ದು ಕ್ಯಾಮೆರಾಕ್ಕೆ ಅಂಟಿಸಿದರೆ ಆಯಿತು. ಫಿಲ್ಮಿನ ಕಾಲ ಮುಗಿಸಲು ಬಂದ ಯಂತ್ರಕ್ಕೆ ಫಿಲ್ಮಿನ ಡಬ್ಬಿಯೇ ಕಾಲಾಯಿತು.

2002ರಲ್ಲಿ ನೆದರ್‌ಲೆಂಡ್ಸಿನ ಕೋರ್ ಬೆರೆವೂಟ್ಸ್ ಎಂಬಾತ ರೆಜಿಸ್ಟ್ಯಾಕ್ಸ್ ಎಂಬ ತಂತ್ರಾಂಶ ಬರೆದು ಎಲ್ಲರಿಗೂ ಪುಕ್ಕಟೆ ಹಂಚಿದ. ವಿಡಿಯೊದ ಸಾವಿರಾರು ಬಿಡಿಚಿತ್ರಗಳನ್ನು ಅದು ಒಂದೊಂದಾಗಿ ಪರೀಕ್ಷಿಸಿ, ಚೂಪಾಗಿರುವುದನ್ನು ಮೇಲಕ್ಕೂ ಮಸುಕಾದದ್ದನ್ನು ಕೆಳಕ್ಕೂ ಹಾಕಿ, ಮೇಲಿನವನ್ನಷ್ಟೇ ಒಂದರ ಮೇಲೊಂದು ಸರಿಯಾಗಿ ಕೂರಿಸಿ ಸರಾಸರಿ ತೆಗೆಯುತ್ತದೆ. ನಾನೂರು ಚಿತ್ರ ಕೂಡಿಸಿದರೆ ಕಣಗಳ ಗದ್ದಲ ಇಪ್ಪತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಮಾಡುತ್ತಿರುವುದು ಲ್ಯಾಂಪ್ಲೆಂಡನ ಹತ್ತಾರು ಚಿತ್ರದ ಪ್ಲೇಟು, ಪಿಕ್ ದು ಮಿದಿಯ ಕತ್ತಲೆಕೋಣೆ ಎರಡನ್ನೂ ಸೇರಿಸಿದ ಕೆಲಸವೇ. ವ್ಯತ್ಯಾಸವೆಂದರೆ ಅವರಿಗೆ ತಿಂಗಳು ಹಿಡಿದದ್ದು ಇಲ್ಲಿ ಚಹಾ ಕುಡಿದು ಮುಗಿಸುವಷ್ಟರಲ್ಲಿ ಆಗುತ್ತದೆ. 2003ರ ಆಗಸ್ಟ್ 27ರಂದು ಮಂಗಳ 5 ಕೋಟಿ 57 ಲಕ್ಷ ಕಿಲೊಮೀಟರಿಗೆ ಬಂದು, ಸುಮಾರು 60,000 ವರ್ಷಗಳಲ್ಲೇ ಅತಿ ಸಮೀಪವಾದಾಗ, ಜಗತ್ತಿನ ಮೂಲೆಮೂಲೆಯ ಹಿತ್ತಿಲುಗಳಿಂದ ಬಂದ ಚಿತ್ರಗಳು ಹಳೆಯ ವೀಕ್ಷಣಾಲಯಗಳ ಎಲ್ಲ ಫಿಲ್ಮುಗಳನ್ನೂ ಮೀರಿಸಿದ್ದವು.

ಇಂದು ಈ ಕೆಲಸಕ್ಕೆ ಬೇಕಾದದ್ದು ಐದಾರು ಇಂಚಿನ ಟೆಲಿಸ್ಕೋಪು, ಚಿತ್ರವನ್ನು ಎರಡು ಮೂರು ಪಟ್ಟು ಹಿಗ್ಗಿಸುವ ಬಾರ್ಲೊ ಮಸೂರ, ಐಪೀಸಿನ ಜಾಗಕ್ಕೆ ಸಿಕ್ಕಿಸುವ ಗ್ರಹಗಳ ಕ್ಯಾಮೆರಾ ಮತ್ತು ಒಂದು ಲ್ಯಾಪ್‌ಟಾಪ್. ಭೂಮಿಯ ತಿರುಗುವಿಕೆಗೆ ತಕ್ಕಂತೆ ಟೆಲಿಸ್ಕೋಪನ್ನು ಸರಿಸುವ ಮೋಟಾರಿದ್ದರೆ ಅನುಕೂಲ. ಇಲ್ಲದವರು ಗ್ರಹವನ್ನು ಪರದೆಯ ಅಂಚಿನಿಂದ ಅಂಚಿಗೆ ತೇಲಲು ಬಿಟ್ಟು ಹಿಡಿಯುತ್ತಾರೆ. ಎರಡು ಮೂರು ನಿಮಿಷಕ್ಕಿಂತ ಹೆಚ್ಚು ತೆಗೆಯುವಂತಿಲ್ಲ. ಗುರು ಹತ್ತು ಗಂಟೆಯೊಳಗೆ ಒಂದು ಸುತ್ತು ತಿರುಗುವ ಅವಸರದ ಗ್ರಹ. ಮೂರು ನಿಮಿಷದಲ್ಲಿ ಅದರ ನಡುಭಾಗ ಎರಡು ಸಾವಿರ ಕಿಲೊಮೀಟರಿಗೂ ಹೆಚ್ಚು ಸರಿದಿರುತ್ತದೆ, ಚಿತ್ರ ಕಲಸಿಹೋಗುತ್ತದೆ. ಟೆಲಿಸ್ಕೋಪನ್ನು ಹೊರಗಿಟ್ಟು ಗಂಟೆಯಾದರೂ ತಣ್ಣಗಾಗಲು ಬಿಡಬೇಕು. ಹಗಲಿಡೀ ಕಾದ ಕಾಂಕ್ರೀಟ್ ತಾರಸಿ ಸಂಜೆ ಬಿಸಿಯುಸಿರು ಬಿಡುತ್ತದೆ, ಹುಲ್ಲುನೆಲ ಮೇಲು. ಊರಿನ ದೀಪಗಳ ಬಗ್ಗೆ ಮಾತ್ರ ಚಿಂತೆ ಬೇಡ. ನೀಹಾರಿಕೆಗಳನ್ನು ನುಂಗುವ ಬೀದಿದೀಪ ಗುರುವನ್ನೋ ಶನಿಯನ್ನೋ ಏನೂ ಮಾಡಲಾರದು.

ಇನ್ನೊಂದು ಅನುಕೂಲ ಕನ್ನಡ ನಾಡಿಗೆ ಹುಟ್ಟಿನಿಂದಲೇ ಬಂದದ್ದು. ಗ್ರಹಗಳ ಹಾದಿ ಇಲ್ಲಿ ನೆತ್ತಿಯ ಸಮೀಪ. 2003ರಲ್ಲಿ ಲಂಡನ್ನಿನವರಿಗೆ ಮಂಗಳ ದಿಗಂತದಿಂದ 23 ಅಂಶದಷ್ಟು ಮಾತ್ರ ಏರಿದರೆ ಬೆಂಗಳೂರಿನಲ್ಲಿ 61 ಅಂಶ ಏರಿತ್ತು. ಟಾಡ್ ಹಡಗಿನಲ್ಲಿ ಟೆಲಿಸ್ಕೋಪ್ ಹೇರಿಕೊಂಡು ಹುಡುಕಿ ಹೋದದ್ದು ಇದನ್ನೇ. ಮುಂಗಾರಿನ ಮೋಡ ಬೇರೆ ಮಾತು.

ಸಾಕ್ಷಿ ಯಾರದು?

ಫಿಲಿಪೀನ್ಸಿನ ಸೆಬು ನಗರದ ಹವ್ಯಾಸಿ ಕ್ರಿಸ್ಟೊಫರ್ ಗೊ 2006ರ ಫೆಬ್ರುವರಿಯಲ್ಲಿ ಗುರುವಿನ ಮೇಲಿನ ಬಿಳಿ ಚಂಡಮಾರುತವೊಂದು ಕೆಂಪಾಗಿರುವುದನ್ನು ತನ್ನ ಚಿತ್ರದಲ್ಲಿ ಗಮನಿಸಿದ. 2009ರ ಜುಲೈ 19ರ ರಾತ್ರಿ ಆಸ್ಟ್ರೇಲಿಯಾದ ಕ್ಯಾನ್‌ಬೆರಾ ಬಳಿಯ ಹಳ್ಳಿಯಲ್ಲಿ ಆಂಟನಿ ವೆಸ್ಲಿ ಎಂಬ ಕಂಪ್ಯೂಟರ್ ಪ್ರೋಗ್ರಾಮರ್ ಹದಿನಾಲ್ಕೂವರೆ ಇಂಚಿನ ಟೆಲಿಸ್ಕೋಪಿನಲ್ಲಿ ಗುರುವನ್ನು ಚಿತ್ರಿಸುತ್ತಿದ್ದ. ನಡುವೆ ಬೇಸರವಾಗಿ ಒಳಗೆ ಹೋಗಿ ಟಿವಿಯಲ್ಲಿ ಕ್ರಿಕೆಟ್ ನೋಡಿ ಬಂದ. ಮರಳಿ ಬಂದಾಗ ಗುರುವಿನ ದಕ್ಷಿಣ ಧ್ರುವದ ಬಳಿ ಕಪ್ಪು ಮಚ್ಚೆ! ಯಾವುದೋ ಕಾಯ ಬಡಿದ ಗಾಯ ಅದು. ಅವನು ಸುದ್ದಿ ಮುಟ್ಟಿಸಿದ ಮೇಲೆ ಹವಾಯಿಯ ನಾಸಾ ಟೆಲಿಸ್ಕೋಪು ಅದನ್ನು ದೃಢಪಡಿಸಿತು, ನಾಲ್ಕು ದಿನಕ್ಕೆ ಹಬಲ್ ಟೆಲಿಸ್ಕೋಪನ್ನೂ ಅತ್ತ ತಿರುಗಿಸಿದರು.

ಹಾಗೆಂದು ಹಳೆಯ ಭೂತ ಪೂರಾ ಬಿಟ್ಟಿಲ್ಲ. ಕೂಡಿಸಿದ ಚಿತ್ರವನ್ನು ಕೊನೆಗೆ ತಂತ್ರಾಂಶದಿಂದ ಚೂಪು ಮಾಡಬೇಕಾಗುತ್ತದೆ. ಆ ಗುಂಡಿಯನ್ನು ಒಂದಿಷ್ಟು ಹೆಚ್ಚು ತಿರುಗಿಸಿದರೆ ಮಂಗಳದ ಅಂಚಿನ ಒಳಗೆ ಇಲ್ಲದ ಬಳೆಯೊಂದು ಮೂಡುತ್ತದೆ, ಗದ್ದಲದ ಕಣಗಳು ಸೇರಿ ಗೆರೆಗಳಾಗುತ್ತವೆ. ಹೊಸಬರು ಅದನ್ನು ವಿವರವೆಂದೇ ತಿಳಿದು ಹಿಗ್ಗುತ್ತಾರೆ. 2023ರ ಮಾರ್ಚಿನಲ್ಲಿ ಒಬ್ಬರು ಮಾಡಿದ ಪರೀಕ್ಷೆಯಂತೂ ಮಾಂಡರನ ಶಾಲಾಹುಡುಗರನ್ನೇ ನೆನಪಿಸುವಂಥದು. ಚಂದ್ರನ ಚಿತ್ರವೊಂದನ್ನು ಬೇಕೆಂದೇ ಮಸುಕು ಮಾಡಿ, ಕುಳಿಗಳೆಲ್ಲ ಅಳಿಸಿಹೋದ ಮೇಲೆ ಕಂಪ್ಯೂಟರ್ ಪರದೆಯ ಮೇಲೆ ಹಾಕಿ, ಕತ್ತಲಕೋಣೆಯ ಇನ್ನೊಂದು ತುದಿಯಿಂದ ಮೊಬೈಲಿನಲ್ಲಿ ಫೋಟೊ ತೆಗೆದರು. ಮೊಬೈಲಿನ ಚಿತ್ರದಲ್ಲಿ ಕುಳಿಗಳು ಮೂಡಿದ್ದವು. ಚಂದ್ರ ಹೇಗಿರುತ್ತಾನೆಂದು ಮೊದಲೇ ಕಲಿತಿದ್ದ ಯಂತ್ರ ಕಾಣದ್ದನ್ನು ತಾನೇ ತುಂಬಿಸಿಕೊಂಡಿತ್ತು. ಗ್ರೀನಿಚ್ಚಿನಲ್ಲಿ ಹಿಂದಿನ ಸಾಲಿನ ಹುಡುಗ ಮಾಡಿದ್ದೂ ಅದನ್ನೇ.

ಅದಕ್ಕೇ ಎಚ್ಚರವುಳ್ಳ ಹವ್ಯಾಸಿಗಳು ಕೊನೆಯ ಅಂದದ ಚಿತ್ರಕ್ಕಿಂತ ಕಚ್ಚಾ ವಿಡಿಯೊವನ್ನು ಜೋಪಾನವಾಗಿ ಇಡುತ್ತಾರೆ. 2010ರ ಜೂನ್ 3ರಂದು ವೆಸ್ಲಿ ಗುರುವಿನ ಮೇಲೆ ಎರಡು ಸೆಕೆಂಡಿನಷ್ಟು ಹೊತ್ತು ಮಿಂಚೊಂದು ಹೊಳೆದದ್ದನ್ನು ಕಂಡು ಪ್ರಕಟಿಸಿದ. ಎಲ್ಲಿಯೂ ಮಚ್ಚೆ ಉಳಿಯಲಿಲ್ಲ. ಒಬ್ಬನೇ ಕಂಡಿದ್ದರೆ ಕ್ಯಾಮೆರಾದ ದೋಷವೆಂದು ಯಾರಾದರೂ ಹೇಳಬಹುದಿತ್ತು. ಸುದ್ದಿ ಕೇಳಿದ ಗೊ ಸಾವಿರಾರು ಕಿಲೊಮೀಟರ್ ಆಚೆ ಸೆಬುವಿನಲ್ಲಿ ತಾನು ಆ ಹೊತ್ತಿಗೆ ತೆಗೆದಿಟ್ಟಿದ್ದ ವಿಡಿಯೊ ಹುಡುಕಿ ನೋಡಿದ. ಅದೇ ಗಳಿಗೆ, ಅದೇ ಜಾಗ, ಅದೇ ಮಿಂಚು.

ಮಂಗಳ ಮತ್ತೆ ಚೆನ್ನಾಗಿ ಹತ್ತಿರ ಬರುವುದು 2035ರ ಸೆಪ್ಟೆಂಬರ್ ನಡುವಿನಲ್ಲಿ. ಆಗ ಅದರ ಅಗಲ 24 ವಿಕಲೆಯನ್ನು ದಾಟುತ್ತದೆ. ಬೆಂಗಳೂರಿನ ಆಕಾಶದಲ್ಲಿ ನಡುರಾತ್ರಿಯ ಹೊತ್ತಿಗೆ ಸಾಕಷ್ಟು ಎತ್ತರದಲ್ಲೂ ಇರುತ್ತದೆ. 2018ರ ಜುಲೈನಲ್ಲಿ ಹೀಗೆಯೇ ಸಮೀಪ ಬಂದಾಗ ಧೂಳಿನ ಬಿರುಗಾಳಿ ಇಡೀ ಗ್ರಹವನ್ನೇ ಮುಚ್ಚಿತ್ತು. ಇಲ್ಲಿ ಮಳೆಗಾಲ, ಅಲ್ಲಿ ಧೂಳು.